ಕಿವಿಗೆ ಹಿಡಿದ ಕಾಯಿ

ನಾನು ಚಿಕ್ಕವಳಿದ್ದಾಗ, ಅಂದರೆ ಅಟ್ಟದ ಏಣಿಯ ಮೂರನೇ ಮೆಟ್ಟಿಲು ನನ್ನ ಗದ್ದಕ್ಕೆ ತಾಗುತ್ತಿದ್ದ ಕಾಲದಲ್ಲಿ, ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ತೆಂಗಿನಕಾಯಿಗಳೇ ಹೆಚ್ಚು ಜಾಗ ಹಿಡಿದಿದ್ದವು. ನಾವು ಕೆಳಗೆ, ಅವು ಮೇಲೆ. ಹೊನ್ನವಳ್ಳಿಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಎಲ್ಲರ ಮನೆಯೂ ಹಾಗೇ ಇತ್ತು. ತೋಟದಿಂದ ಬಂದ ಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಏರಿಸಿದರೆ, ಹೆಚ್ಚುಕಡಿಮೆ ಒಂದು ವರ್ಷ ಅವು ಅಲ್ಲೇ ಕತ್ತಲಲ್ಲಿ ಬಿದ್ದಿರುತ್ತಿದ್ದವು. ಒಳಗಿನ ನೀರು ನಿಧಾನವಾಗಿ ಇಂಗುತ್ತಿತ್ತು. ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಒಂದು ದಿನ ಉಂಡೆ ಕೊಬ್ಬರಿಯಾಗುತ್ತಿತ್ತು. ಅಟ್ಟದಿಂದ ಯಾವಾಗಲೂ ಒಂದು ವಾಸನೆ ಇಳಿದು ಬರುತ್ತಿತ್ತು. ಒಣಗಿದ ನಾರು, ಒಲೆಯ ಹೊಗೆ, ಎಣ್ಣೆ, ಸ್ವಲ್ಪ ಧೂಳು ಎಲ್ಲವೂ ಸೇರಿದ ವಾಸನೆ. ನನಗೆ ಇಂದಿಗೂ ಮನೆ ಎಂದರೆ ಆ ವಾಸನೆಯೇ.

ಅಟ್ಟಕ್ಕೆ ಅಜ್ಜಿಯೇ ಯಜಮಾನಿ. ಅಪ್ಪನ ತಾಯಿ ಅವಳು. ಯಾವ ಕಾಯಿ ಆಗಿದೆ, ಯಾವುದು ಆಗಿಲ್ಲ ಎಂದು ಹೇಳುವುದು ಅವಳ ಕೆಲಸ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು, ಕತ್ತನ್ನು ಸ್ವಲ್ಪ ವಾಲಿಸಿ, ಎರಡು ಸಲ ಅಲ್ಲಾಡಿಸುತ್ತಿದ್ದಳು. ಗುಳುಗುಳು ಎಂದರೆ ಒಳಗೆ ನೀರಿದೆ. ಏನೂ ಸದ್ದಿಲ್ಲದಿದ್ದರೆ ನೀರು ಇಂಗಿದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿಲ್ಲ. ಲೊಟಲೊಟ ಎಂದು ಬಡಿದರೆ ಕೊಬ್ಬರಿ ತಯಾರು. ಅಜ್ಜಿ ಇದನ್ನೆಲ್ಲ ತನ್ನದೇ ಮಾತಿನಲ್ಲಿ ಹೇಳುತ್ತಿದ್ದಳು. "ಇದು ಇನ್ನೂ ಮಾತಾಡ್ತೈತೆ. ಇದು ಮಲಗೈತೆ, ಮಲಗ್ಲಿ ಬುಡು. ಹಾಂ, ಇದು ಎದ್ದೈತೆ, ಕೆಳಕ್ಕಾಕು." ಎದ್ದ ಕಾಯಿಗಳನ್ನು ನಾನು ಅಟ್ಟದ ಬಾಯಿಯವರೆಗೆ ಉರುಳಿಸಿಕೊಂಡು ಬರುತ್ತಿದ್ದೆ. ಕೆಳಗೆ ಅಪ್ಪ ಹಿಡಿಯುತ್ತಿದ್ದರು.

ಇಷ್ಟು ಸಲೀಸಾಗಿ ಕಾಯಿ ಆರಿಸುವ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಅವಳಿಗೆ ಬೆಳಕು ಯಾವುದು ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಆದರೆ ಅಟ್ಟದ ಕತ್ತಲಲ್ಲಿ ಯಾರಿಗೂ ಏನೂ ಕಾಣುವುದಿಲ್ಲವಲ್ಲ, ಅಲ್ಲಿ ಎಲ್ಲರೂ ಅಜ್ಜಿಯಂತೆಯೇ. ಅಜ್ಜಿ ಮಾತ್ರ ಯಾರಂತೆಯೂ ಅಲ್ಲ, ಅವಳಿಗೆ ಕಿವಿ ಇತ್ತು. ಹೀಗಾಗಿ ಮನೆಯವರಿಗೆ ಅನುಮಾನವೇ ಬಂದಿರಲಿಲ್ಲ. ಕೆಳಗಿದ್ದಾಗ ನಾನು ಅವಳ ಕೈ ಹಿಡಿದು ಆಟವಾಡುವವಳಂತೆ ತಿರುಗುತ್ತಿದ್ದೆ. ಕರು ಅಡ್ಡ ಮಲಗಿದ್ದರೆ ಅವಳ ಬೆರಳು ಒತ್ತುತ್ತಿದ್ದೆ. ಬಾಗಿಲಿಗೆ ಯಾರಾದರೂ ಬಂದರೆ, "ಓ, ಅತ್ತೆ ಬಂದ್ರು!" ಎಂದು ಬೇಕೆಂದೇ ಜೋರಾಗಿ ಕೂಗುತ್ತಿದ್ದೆ. ಅಜ್ಜಿ ಕೂಡಲೇ ಆ ಕಡೆ ಮುಖ ತಿರುಗಿಸಿ, "ಬಾವ್ವ, ಕೂತ್ಕೋ" ಎನ್ನುತ್ತಿದ್ದಳು.

"ಯಾರ್ಗೂ ಹೇಳ್ಬ್ಯಾಡ ಕಣೇ" ಎಂದು ಅಜ್ಜಿ ಒಮ್ಮೆ ಅಟ್ಟದ ಮೇಲೆ ಹೇಳಿದ್ದಳು. "ಗೊತ್ತಾದ್ರೆ ನಿಮ್ಮಪ್ಪ ಏಣಿ ಹತ್ತಕ್ಕೆ ಬುಡಲ್ಲ. ಆಮೇಲೆ ನಾನೇನ್ ಮಾಡ್ಲಿ, ಮೂಲೇಲಿ ಕೂತ್ಕಂಡು ನೊಣ ಹೊಡೀಲಾ?"

ನಾನು ಹೇಳಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಅಟ್ಟದಿಂದ ಇಳಿಯುವಾಗ ಅಜ್ಜಿಯ ಕಾಲು ಮೆಟ್ಟಿಲು ತಪ್ಪಿತು. ಅವಳು ಅಟ್ಟದ ತೊಲೆಯನ್ನು ಎರಡು ಕೈಯಲ್ಲಿ ಹಿಡಿದು ಒಂದು ಕ್ಷಣ ಹಾಗೇ ನೇತಾಡಿದಳು. ನಾನು ಕೆಳಗಿನಿಂದ ಅವಳ ಪಾದ ಹಿಡಿದು ಮೆಟ್ಟಿಲ ಮೇಲೆ ಇಟ್ಟೆ. ಇಳಿದು ಬಂದವಳು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಅವಳ ಪಾದ ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತಿದ್ದುದು ಕಣ್ಣು ಮುಚ್ಚಿದಾಗಲೆಲ್ಲ ಕಾಣುತ್ತಿತ್ತು.

ಅದಾದ ಕೆಲವೇ ದಿನಕ್ಕೆ ನಮ್ಮ ಊರಿಗೆ ಒಂದು ಜೀಪು ಬಂತು. ಮುಂದೆ ಮೈಕು ಕಟ್ಟಿತ್ತು. ತಿಪಟೂರಿನ ಕ್ಲಬ್ಬಿನವರು ಹೈಸ್ಕೂಲಿನಲ್ಲಿ ಕಣ್ಣಿನ ಶಿಬಿರ ಮಾಡುತ್ತಾರೆ, ಪೊರೆ ಬಂದವರಿಗೆ ಪುಕ್ಕಟೆ ಆಪರೇಷನ್ನು, ಊಟ ಕನ್ನಡಕ ಎಲ್ಲ ಅವರದೇ ಎಂದು ಅದು ಕೂಗಿತು. ಪೇಟೆಯ ಕೆಲವು ಅಂಗಡಿಯವರು, ಮೇಷ್ಟರು, ಮಂಡಿಯವರು, ವಕೀಲರು ಸೇರಿ ಕಟ್ಟಿಕೊಂಡ ಸಂಘ ಅದು. ವಾರಕ್ಕೊಮ್ಮೆ ಸೇರಿ, ಊರಿಗೆ ಏನು ಬೇಕೋ ಅದನ್ನು ತಾವೇ ಕೈ ಹಾಕಿ ಮಾಡುತ್ತಿದ್ದರು. ಬಸ್‌ಸ್ಟ್ಯಾಂಡಿನ ನೀರಿನ ತೊಟ್ಟಿ, ನಮ್ಮ ಶಾಲೆಯ ಬೆಂಚುಗಳು ಅವರು ಮಾಡಿಸಿದ್ದೇ. ಆದರೆ ನಮ್ಮ ಕಡೆ ಕ್ಲಬ್ಬು ಎಂದರೆ ಜನರಿಗೆ ಗೊತ್ತಿದ್ದದ್ದು ಇಸ್ಪೀಟು ಒಂದೇ. ಅಟ್ಟದ ಮೇಲಿದ್ದ ಅಜ್ಜಿ ಅಲ್ಲಿಂದಲೇ, "ಇಸ್ಪೀಟ್ ಕಲಸೋ ಕೈಲಿ ಕಣ್ ಕೊಯ್ತಾರಂತಾ? ಚೆನ್ನಾಗೈತೆ!" ಎಂದಳು.

ಜೀಪಿನಿಂದ ಇಳಿದು ಬಂದವರು ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು. ಬಿಳಿ ಷರಟು, ಜೇಬಿನ ಮೇಲೆ ಕ್ಲಬ್ಬಿನ ಬಿಲ್ಲೆ. ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, "ನಿಮ್ಮನೇಲಿ ಯಾರ್ಗಾದ್ರೂ ತೊಂದ್ರೆ ಐತಾ ಯಜಮಾನ್ರೇ?" ಎಂದು ಅಪ್ಪನನ್ನು ಕೇಳಿದರು.

"ಇಲ್ರೀ. ನಮ್ಮವ್ವಂಗೆ ವಯಸ್ಸಾಗೈತೆ, ಆದ್ರೂ ಕೊಬ್ರಿ ಆರ್ಸೋದ್ರಲ್ಲಿ ಅವ್ಳನ್ನ ಬುಟ್ರೆ ಇನ್ನೊಬ್ರಿಲ್ಲ. ಕಣ್ಣು ಹದ್ದಿನ ಕಣ್ಣು" ಎಂದರು ಅಪ್ಪ, ಹೆಮ್ಮೆಯಿಂದ.

ಔಷಧಿ ಅಂಗಡಿಯವರು ಲೋಟ ಕೆಳಗಿಟ್ಟು ಎದ್ದರು. ಅವರ ಚಪ್ಪಲಿಯ ಸದ್ದು ಅಂಗಳ ದಾಟುತ್ತಿತ್ತು. ನನಗೆ ಮತ್ತೆ ಆ ಪಾದ ಕಂಡಿತು.

"ಅಜ್ಜಿಗೆ ಏನೂ ಕಾಣಲ್ಲ" ಎಂದೆ.

ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಅಟ್ಟದ ಮೇಲೆ ಕಾಯಿಯ ಸದ್ದು ನಿಂತಿತು. ಅಪ್ಪ ಏಣಿಯ ಕೆಳಗೆ ಹೋಗಿ ನಿಂತು, ಬಹಳ ಮೆಲ್ಲಗೆ, "ಹೌದೇನವ್ವಾ?" ಎಂದು ಕೇಳಿದರು. ಮೇಲಿನಿಂದ ಉತ್ತರ ಬರಲಿಲ್ಲ. ಅಷ್ಟರಿಂದಲೇ ಅವರಿಗೆ ಗೊತ್ತಾಯಿತು.

ಆ ಹೊತ್ತಿನಿಂದ ಅಜ್ಜಿ ನನ್ನ ಜೊತೆ ಮಾತು ಬಿಟ್ಟಳು. ಬೈಯಲಿಲ್ಲ, ಮುಖ ಗಂಟು ಹಾಕಲಿಲ್ಲ. ಕೈ ಕೊಟ್ಟರೆ ಹಿಡಿದುಕೊಳ್ಳುತ್ತಿದ್ದಳು, ಆದರೆ ಮಾತಿಲ್ಲ. ಆ ದಿನಗಳಲ್ಲೇ ನನ್ನ ಮುಂದಿನ ಎರಡು ಹಲ್ಲುಗಳು ಬಿದ್ದವು. ಬೇರೆ ಸಮಯವಾಗಿದ್ದರೆ ಹಲ್ಲನ್ನು ಮೊದಲು ಅಜ್ಜಿಯ ಅಂಗೈಗೇ ಇಡುತ್ತಿದ್ದೆ. ಈಗ ಒಬ್ಬಳೇ ಹೋಗಿ ಮಾಡಿನ ಮೇಲೆ ಎಸೆದು ಬಂದೆ. ಅಕ್ಕ ನನ್ನನ್ನು ಕಂಡಾಗಲೆಲ್ಲ ತುಟಿಗಳನ್ನು ಒಳಗೆಳೆದುಕೊಂಡು ಸದ್ದಿಲ್ಲದೆ ಅಣಕಿಸುತ್ತಿದ್ದಳು. ನಾನೂ ಬಾಯಿ ಮುಚ್ಚಿಕೊಂಡೇ ತಿರುಗುತ್ತಿದ್ದೆ.

ಅಪ್ಪ ಹೇಳಿದ ಮೇಲೆ ಅಜ್ಜಿಗೆ ಇಲ್ಲ ಎನ್ನಲಾಗಲಿಲ್ಲ. ಗಾಡಿ ಕಟ್ಟಿ ತಿಪಟೂರಿಗೆ ಹೋದೆವು. ಅಜ್ಜಿಯ ಜೊತೆ ಇರಲು ನಾನೇ ಹೊರಟೆ. ಅಮ್ಮನಿಗೆ ಮನೆ ಬಿಡುವಂತಿರಲಿಲ್ಲ, ಅಕ್ಕನಿಗೆ ದನಕರು. ಅಜ್ಜಿ ಬೇಡವೆನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ.

ಮಕ್ಕಳೇ, ನಿಮಗೆ ಹೇಳಬೇಕೆಂದು ಹೊರಟದ್ದು ಶಿಬಿರದ ಮೂರನೇ ದಿನದ ಕತೆ. ಆದರೆ ಆ ಹೈಸ್ಕೂಲು ಹೇಗಿತ್ತು ಎಂದು ಮೊದಲು ನೋಡಿಬಿಡಿ.

ಬೇಸಿಗೆ ರಜೆ. ಬೆಂಚುಗಳನ್ನೆಲ್ಲ ಹೊರಗಿಟ್ಟು, ತರಗತಿಗಳ ನೆಲಕ್ಕೆ ಹುಲ್ಲು ಹಾಸಿ, ಅದರ ಮೇಲೆ ಚಾಪೆ, ಜಮಖಾನ ಹಾಕಿದ್ದರು. ಕಿಟಕಿಗಳಿಗೆ ಹಸಿರು ಬಟ್ಟೆ ಕಟ್ಟಿದ್ದರಿಂದ ಒಳಗೆ ಕೆರೆಯ ತಳದಲ್ಲಿದ್ದಂತೆ ಕಾಣುತ್ತಿತ್ತು. ಅಂಗಳದಲ್ಲಿ ಹೊಸ ತೆಂಗಿನ ಗರಿ ಹೆಣೆದು ಚಪ್ಪರ ಹಾಕಿದ್ದರು. ಅದನ್ನು ಹೆಣೆದವರೂ ಕ್ಲಬ್ಬಿನವರೇ. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಹೆಣೆದ ಗರಿ ಎತ್ತಿದ ಕೂಡಲೇ ಬಿಚ್ಚಿಕೊಂಡು ಉದುರಿತು ಎಂದು ಉಳಿದವರು ಮೂರು ದಿನವೂ ಅವರನ್ನು ಗೇಲಿ ಮಾಡಿದರು. ಫಿನಾಯಿಲ್, ಸ್ಪಿರಿಟ್ಟು, ಹಸಿ ಗರಿ, ದೊಡ್ಡ ಹಂಡೆಯಲ್ಲಿ ಕುದಿಯುವ ಗಂಜಿ, ಈ ಎಲ್ಲ ವಾಸನೆಗಳೂ ಒಂದೇ ಗಾಳಿಯಲ್ಲಿದ್ದವು.

ಮನೆಯಲ್ಲಿ ತಾವು ಕುಡಿದ ಲೋಟವನ್ನು ತಾವೇ ಎತ್ತಿಡದವರು ಅಲ್ಲಿ ಮುದುಕರನ್ನು ಎತ್ತಿಕೊಂಡು ಓಡಾಡುತ್ತಿದ್ದರು. ಮೇಷ್ಟರು ಬೀಸಣಿಗೆ ಬೀಸುತ್ತಿದ್ದರು. ಕೊಬ್ಬರಿ ಮಂಡಿಯವರು ಗಂಜಿಯನ್ನು ಊದಿ ಊದಿ ಚಮಚದಲ್ಲಿ ಕುಡಿಸುತ್ತಿದ್ದರು. ಅವರ ಹೆಂಡತಿಯರು ಚಪ್ಪರದ ಹಿಂದೆ ಉಪ್ಪಿಟ್ಟು ಮಾಡುತ್ತ, ಗಂಡಂದಿರು ಕೆಲಸ ಮಾಡುವುದನ್ನು ಇಣುಕಿ ನೋಡಿ ನಗುತ್ತಿದ್ದರು.

ಆಪರೇಷನ್ ಮಾಡಿದ ಡಾಕ್ಟರು ಹುಬ್ಬಳ್ಳಿ ಕಡೆಯವರು. ಎತ್ತರದ ಮನುಷ್ಯ, ದೊಡ್ಡ ಗಂಟಲು. ಈಗಿನಂತೆ ಅಲ್ಲ, ಆಗ ಆಪರೇಷನ್ ಆದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ದಿನಗಟ್ಟಲೆ ಅಲ್ಲಾಡದೆ ಮಲಗಿಸುತ್ತಿದ್ದರು. ಡಾಕ್ಟರು ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು ಗುಡುಗುತ್ತಿದ್ದರು. "ಕೆಮ್ಮಬ್ಯಾಡ್ರಿ! ಸೀನಬ್ಯಾಡ್ರಿ! ಬಗ್ಗಬ್ಯಾಡ್ರಿ! ತಲಿ ಅಲ್ಲಾಡಿಸಿದ್ರ ಹೊಲಿಗಿ ಬಿಚ್ಚತೈತಿ, ಕಣ್ಣು ಹೋಗತೈತಿ. ತಿಳೀತೇನ್ರಿ?" ತಲೆ ಅಲ್ಲಾಡಿಸಬಾರದು ಎಂದು ಅವರೇ ಹೇಳಿದ್ದರಿಂದ, ತಿಳಿಯಿತೆಂದು ತಲೆಯಾಡಿಸಲೂ ಯಾರಿಗೂ ಧೈರ್ಯವಿರಲಿಲ್ಲ. ಎಲ್ಲರೂ ಮರದ ದಿಮ್ಮಿಗಳಂತೆ ಮಲಗಿದ್ದರು. ಅಜ್ಜಿಯೂ.

ಅವಳ ಪಕ್ಕದ ಚಾಪೆಯಲ್ಲಿ ಹುಳಿಯಾರು ಕಡೆಯ ಕುರಿಹಟ್ಟಿಯ ಒಬ್ಬ ಮುದುಕಿ ಇದ್ದಳು. ಅಂಥ ಬೇಸಿಗೆಯಲ್ಲೂ ಕಂಬಳಿ ಬಿಟ್ಟವಳಲ್ಲ. ನಾನು ಅವಳನ್ನು ಕಂಬಳಿ ಅಜ್ಜಿ ಎಂದು ಕರೆಯುತ್ತಿದ್ದೆ. ಇಬ್ಬರಿಗೂ ಎರಡೂ ಕಣ್ಣಿನ ಮೇಲೆ ಬಟ್ಟೆ, ಒಬ್ಬರ ಮುಖ ಒಬ್ಬರು ಕಂಡಿಲ್ಲ, ಆದರೂ ಸೂರಿನ ಕಡೆ ಮುಖ ಮಾಡಿಕೊಂಡೇ ಬೆಳಗಿನಿಂದ ಸಂಜೆವರೆಗೆ ಕುರಿ, ತೋಟ, ಸೊಸೆಯಂದಿರು ಎಂದು ಮಾತಾಡುತ್ತಿದ್ದರು. ಅಜ್ಜಿಯ ಎಲ್ಲ ಮಾತು ಅವಳಿಗೆ. ನನಗೆ ಮಾತ್ರ ನೀರು ಬೇಕಾದರೆ ಕೈಸನ್ನೆ. ನಾನು ಗೋಡೆಗೆ ಒರಗಿ ಕೂತು ಬೀಸಣಿಗೆ ಬೀಸುತ್ತ, ನಾಲಗೆಯ ತುದಿಯಿಂದ ಹಲ್ಲಿನ ಸಂದಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಮೂರನೇ ದಿನ ಬೆಳಗ್ಗೆ ಕ್ಲಬ್ಬಿನವರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದರು. ತುಮಕೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು. ಕ್ಲಬ್ಬಿನ ಅಧ್ಯಕ್ಷರ ಕೊರಳಲ್ಲಿ ಪದಕಗಳಿದ್ದ ಒಂದು ಅಗಲವಾದ ಸರ ಹೊಳೆಯುತ್ತಿತ್ತು. ಚಪ್ಪರದ ಕೆಳಗೆ ಹಾರ ಹಾಕಿದ್ದಾಯಿತು, ಭಾಷಣವಾಯಿತು. ಆಮೇಲೆ ಅಧ್ಯಕ್ಷರು, ಶಿಬಿರಕ್ಕೆ ಬಂದವರನ್ನು ಬರಿಗೈಲಿ ಕಳಿಸುವುದು ನಮ್ಮ ಸೀಮೆಯ ಮರ್ಯಾದೆ ಅಲ್ಲ ಎಂದರು. ಕಾಯಿ ಕೊಡುವುದೇನೋ ರೂಢಿಯಂತೆ ಮನೆಗೆ ಹೊರಡುವ ದಿನವೇ. ಆದರೆ ಅಧಿಕಾರಿಗಳು ಬಂದದ್ದು ಅಂದು, ಫೋಟೋದವನು ಬಂದದ್ದೂ ಅಂದು. ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಾಯಿ ಕೊಡುವುದಕ್ಕೆ ಯಾರಾದರೂ ಡಾಕ್ಟರನ್ನು ಕೇಳುತ್ತಾರೆಯೇ?

ಮಂಡಿಯವರು ಎರಡು ಕುಕ್ಕೆಗಳ ತುಂಬ ಕಾಯಿ ತರಿಸಿದ್ದರು. ಹೆಂಗಸರು ಅವನ್ನು ತೊಳೆದು, ಜುಟ್ಟು ನೇರ ಮಾಡಿ, ಅರಿಸಿನ ಕುಂಕುಮ ಹಚ್ಚಿ ಜೋಡಿಸಿದ್ದರು. ಮೊದಲು ಬಂದದ್ದು ನಮ್ಮ ಕೋಣೆಗೆ. ಅಧ್ಯಕ್ಷರು ಮುಂದೆ, ಅಧಿಕಾರಿಗಳು ಹಿಂದೆ, ಕುಕ್ಕೆ ಹೊತ್ತ ಔಷಧಿ ಅಂಗಡಿಯವರು ಅವರ ಹಿಂದೆ. ಮೆಲ್ಲಗೆ, ಯಾರಿಗೂ ಎದ್ದು ಕೂರಲು ಬಿಡದೆ, ಮಲಗಿದ್ದವರ ಕೈಯಲ್ಲಿ ಒಂದೊಂದು ಕಾಯಿ ಇಡುತ್ತ ಹೋದರು. ಫೋಟೋದವನು ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ.

ಆಗ ಆ ಘಟನೆ ನಡೆಯಿತು.

ಮೊದಲು ಮೂಲೆಯ ಮುದುಕಿಯ ಕೈ ಮೇಲಕ್ಕೆ ಹೋಯಿತು. ಆಮೇಲೆ ಅವಳ ಪಕ್ಕದವಳದು. ನಾನು ನೋಡುತ್ತಿದ್ದಂತೆಯೇ ಆ ಕಡೆ ಈ ಕಡೆಯ ಎರಡೂ ಸಾಲಿನ ಕೈಗಳು ಮೇಲೆದ್ದವು. ಕಾಯಿಗಳು ಕಿವಿಗೆ ಹೋದವು. ಎಲ್ಲರ ಕತ್ತೂ ಒಂದೇ ಕಡೆಗೆ ಸ್ವಲ್ಪ ವಾಲಿತು. ಗುಳುಗುಳು, ಗುಳುಗುಳು, ಗುಳುಗುಳು. ಕಣ್ಣಿಗೆ ಬಟ್ಟೆ ಕಟ್ಟಿದ ಅಷ್ಟೂ ಜನ ಅಷ್ಟೂ ಕಾಯಿಗಳನ್ನು ಒಟ್ಟಿಗೆ ಅಲ್ಲಾಡಿಸಿದರು. ಆ ಹಸಿರು ಕೋಣೆಯಲ್ಲಿ ಒಂದು ಚಿಕ್ಕ ಹಳ್ಳ ಹರಿದ ಹಾಗಾಯಿತು. ನಾನು ಬೀಸಣಿಗೆ ಬಿಸಾಕಿ ಅಜ್ಜಿಯ ಮಣಿಕಟ್ಟು ಹಿಡಿಯುವಷ್ಟರಲ್ಲಿ ಅವಳು ಎರಡು ಸಲ ಅಲ್ಲಾಡಿಸಿ ಮುಗಿಸಿದ್ದಳು.

"ಒಳ್ಳೇ ಕಾಯಿ" ಎಂದಳು ಅಜ್ಜಿ, ಸೂರಿಗೆ.

"ನಂದ್ರಾಗೆ ನೀರೇ ಇಲ್ಲ ಕಣಪ್ಪೋ! ಯಾವನ್ ಮಂಡಿದಪ್ಪಾ ಇದು?" ಎಂದು ಕಂಬಳಿ ಅಜ್ಜಿ ಕೂಗಿದಳು. ಮಂಡಿಯವರ ಮುಖ ಸಣ್ಣದಾಯಿತು.

ಸದ್ದು ಕೇಳಿ ಡಾಕ್ಟರು ಓಡಿ ಬಂದರು. ಬಾಗಿಲಲ್ಲಿ ನಿಂತವರು ಒಂದು ಗಳಿಗೆ ಬಾಯಿ ತೆರೆದುಕೊಂಡೇ ಇದ್ದರು. ಆಮೇಲೆ ಸಿಡಿಲು ಬಿದ್ದ ಹಾಗೆ, "ಏ, ಏ! ಏನ್ ಮಾಡಾಕತ್ತೀರಿ ಎಲ್ಲಾರೂ? ಇಡ್ರಿ ಕೆಳಗ! ಕಾಯಿ ಕೆಳಗ ಇಡ್ರಿ!" ಎಂದರು.

ಕಾಯಿಗಳೆಲ್ಲ ಇಳಿದವು. ಕಂಬಳಿ ಅಜ್ಜಿ ಮಾತ್ರ, "ನೀರೈತೋ ಇಲ್ವೋ ನೋಡ್ದಲೇ ಕಾಯಿ ಇಸ್ಕಣಕ್ಕಾಯ್ತದಾ ಡಾಕ್ಟ್ರೇ?" ಎಂದಳು, ನ್ಯಾಯ ಕೇಳುವವಳಂತೆ.

"ಕೆಮ್ಮಬ್ಯಾಡ್ರಿ ಅಂದೆ, ಕೆಮ್ಮಲಿಲ್ಲ. ಬಗ್ಗಬ್ಯಾಡ್ರಿ ಅಂದೆ, ಬಗ್ಗಲಿಲ್ಲ" ಎಂದು ಡಾಕ್ಟರು ತಲೆ ಹಿಡಿದುಕೊಂಡರು. "ಕಾಯಿ ಅಲ್ಲಾಡಿಸಬ್ಯಾಡ್ರಿ ಅಂತ ಹೇಳಬೇಕಂತ ನನಗೇನ್ ಗೊತ್ತರೀ!"

ಯಾರೋ ಕಿಸಕ್ಕೆಂದರು. ಆದರೆ ಆ ನಗು ಅರ್ಧಕ್ಕೇ ನಿಂತಿತು. ನಾನೂ ಆಗಲೇ ನೋಡಿದ್ದು. ಅಜ್ಜಿಯ ಕಣ್ಣಿನ ಬಟ್ಟೆಯ ಅಂಚಿನಲ್ಲಿ ಕೆಂಪು ಇತ್ತು. ಒದ್ದೆ ಕೆಂಪು, ಕಿವಿಯ ಕಡೆಯಿಂದ ಬಟ್ಟೆಯೊಳಕ್ಕೆ ಹರಡುತ್ತಿತ್ತು. ಆಚೆ ಚಾಪೆಯವಳ ಬಟ್ಟೆಯಲ್ಲೂ ಸ್ವಲ್ಪ. ಅಜ್ಜಿಯದರಲ್ಲೇ ಹೆಚ್ಚು, ಕಣ್ಣಿನ ಹತ್ತಿರದವರೆಗೂ.

ಡಾಕ್ಟರ ಮುಖ ಬದಲಾಯಿತು. ಅವರು ಮಾತಾಡದೆ ಬಂದು ಅಜ್ಜಿಯ ಪಕ್ಕದಲ್ಲಿ ಮೊಣಕಾಲೂರಿದರು. ಅಷ್ಟು ದೊಡ್ಡ ಗಂಟಲಿನವರು ಸುಮ್ಮನಾದದ್ದೇ ನನಗೆ ಎಲ್ಲಕ್ಕಿಂತ ಹೆದರಿಕೆಯಾಯಿತು. ನಾನು ಹೇಳದೇ ಇದ್ದಿದ್ದರೆ ಅಜ್ಜಿ ಈಗ ನಮ್ಮ ಅಟ್ಟದ ಮೇಲಿರುತ್ತಿದ್ದಳು. ಬೆಳಕು ಯಾವುದು ನೆರಳು ಯಾವುದು ಎಂಬಷ್ಟಾದರೂ ಅವಳಿಗೆ ಗೊತ್ತಾಗುತ್ತಿತ್ತು. ಈಗ ಅದೂ ಹೋದರೆ? ನಾನು ಅವಳ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಅವಳ ಕೈ ತಣ್ಣಗಿತ್ತು, ಅಂಗೈಯಲ್ಲಿ ನಾರಿನ ವಾಸನೆ ಇತ್ತು.

"ಯಾಕ್ ಎಲ್ರೂ ಸುಮ್ಕಾದ್ರಿ?" ಎಂದಳು ಅಜ್ಜಿ.

ಡಾಕ್ಟರು ಬಟ್ಟೆಯ ಕೆಂಪನ್ನು ಬೆರಳಿನಿಂದ ಮುಟ್ಟಿದರು. ಬೆರಳುಗಳ ನಡುವೆ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ನೆಲದ ಮೇಲಿದ್ದ ಕಾಯಿ ಎತ್ತಿ, ತಿರುಗಿಸಿ ನೋಡಿದರು. ಅದರ ಒಂದು ಮಗ್ಗುಲಲ್ಲಿ ಕುಂಕುಮ ಅಳಿಸಿ ಹೋಗಿತ್ತು. ತೊಳೆದ ಕಾಯಿಯ ನೀರು ಇನ್ನೂ ಆರಿರಲಿಲ್ಲ.

"ಕುಂಕುಮ" ಎಂದರು ಡಾಕ್ಟರು. ನೆಲದ ಮೇಲೆ ಕೂತೇಬಿಟ್ಟರು. "ಕುಂಕುಮ ಐತ್ರೀ ಇದು."

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಧ್ಯಕ್ಷರು ಕೊರಳಿನ ಸರ ತೆಗೆದು ಜೇಬಿಗೆ ಹಾಕಿಕೊಂಡು, ತಾವೇ ಕುಕ್ಕೆ ಹಿಡಿದು ಚಾಪೆಯಿಂದ ಚಾಪೆಗೆ ಹೋಗಿ ಕಾಯಿಗಳನ್ನು ವಾಪಸು ತೆಗೆದುಕೊಂಡರು. "ತಪ್ಪಾಯ್ತು ಕಣ್ರವ್ವಾ, ಹೊರಡೋ ದಿನ ಕೊಡ್ತೀವಿ" ಎಂದು ಒಬ್ಬೊಬ್ಬರಿಗೂ ಹೇಳಿದರು. ಕಂಬಳಿ ಅಜ್ಜಿ, "ನಂಗೆ ಬೇರೇದು ಕೊಡು" ಎಂದಳು.

ಕುಂಕುಮದ ನೀರು ಒಳಗೆ ಇಳಿದಿರಬಹುದೆಂದು ಡಾಕ್ಟರು ಅಜ್ಜಿಯ ಬಟ್ಟೆ ಬದಲಿಸಲೇಬೇಕಾಯಿತು. ಇನ್ನೆರಡು ದಿನ ಬಿಟ್ಟು ಬಿಚ್ಚಬೇಕಾಗಿದ್ದ ಬಟ್ಟೆ. ಕಿಟಕಿಯ ಪರದೆಯನ್ನು ಇನ್ನಷ್ಟು ಎಳೆಸಿ, ಕೈ ತೊಳೆದುಕೊಂಡು ಬಂದು, ಮೆಲ್ಲಗೆ ಸುತ್ತು ಬಿಚ್ಚಿದರು. ಹತ್ತಿ ತೆಗೆದರು. ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. "ಹೊಲಿಗಿ ಗಟ್ಟಿ ಐತಿ" ಎಂದರು, ಈ ಸಲ ಸಣ್ಣ ಧ್ವನಿಯಲ್ಲಿ. ಆಮೇಲೆ ಜೇಬಿನಿಂದ ಒಂದು ದಪ್ಪ ಗಾಜು ತೆಗೆದು ಅಜ್ಜಿಯ ಕಣ್ಣಿನ ಮುಂದೆ ಹಿಡಿದು, ನನ್ನನ್ನು ಎದುರಿಗೆ ಬರಲು ಹೇಳಿದರು. "ತಲಿ ಅಲ್ಲಾಡಿಸಬ್ಯಾಡ್ರಿ ಅಜ್ಜಿ. ಇದು ಯಾರು, ನೋಡಿ ಹೇಳ್ರಿ."

ನಾನು ಬಗ್ಗಿ ನಿಂತೆ. ಗಾಜಿನ ಆಚೆ ಅಜ್ಜಿಯ ಕಣ್ಣು ಬಹಳ ದೊಡ್ಡದಾಗಿ, ಒದ್ದೆಯಾಗಿ, ಆಗ ತಾನೇ ಹುಟ್ಟಿದ ಕರುವಿನ ಕಣ್ಣಿನಂತೆ ಕಂಡಿತು. ಅದು ನನ್ನ ಹಣೆ ನೋಡಿತು. ಕಿವಿ ನೋಡಿತು. ಅವಳು ನನ್ನನ್ನು ಕೊನೆಯ ಸಲ ಸರಿಯಾಗಿ ನೋಡಿದಾಗ ನಾನು ಅಂಬೆಗಾಲಿಡುತ್ತಿದ್ದೆನಂತೆ. ಅವಳೇನೂ ಹೇಳದಿದ್ದುದರಿಂದ ನನಗೆ ತಡೆಯಲಾಗಲಿಲ್ಲ, ಅಳು ಬಂದು ಬಾಯಿ ತೆರೆದುಬಿಟ್ಟೆ.

"ಅಯ್ಯೋ ಇವಳ!" ಎಂದಳು ಅಜ್ಜಿ. "ಹಲ್ಲೇ ಇಲ್ವಲ್ಲೇ ನಿಂಗೆ! ಯಾವಾಗ್ ಬಿತ್ತು? ನಂಗ್ಯಾಕೆ ಹೇಳ್ಲಿಲ್ಲ?"

ಎಷ್ಟೋ ದಿನಗಳ ಮೇಲೆ ನನಗೆ ಆಡಿದ ಮೊದಲ ಮಾತು.

"ನೀನು ಮಾತೇ ಆಡ್ತಿರ್ಲಿಲ್ಲ" ಎಂದೆ ಬಿಕ್ಕುತ್ತ. "ನೀನೂ ಕಣ್ಣು ಕಾಣಲ್ಲ ಅಂತ ಅಪ್ಪಂಗೆ ಹೇಳಿರ್ಲಿಲ್ಲ."

ಡಾಕ್ಟರು ಗಾಜು ಹಿಡಿದುಕೊಂಡೇ ನಕ್ಕರು. ಅಜ್ಜಿ ನಗಲಿಲ್ಲ, ನಗುವುದಕ್ಕೆ ಅಪ್ಪಣೆ ಇರಲಿಲ್ಲ. ಅವಳು ಎರಡೂ ಕೈಗಳನ್ನು ಎತ್ತಿ, ಅಟ್ಟದ ಮೇಲೆ ಕಾಯಿಯನ್ನು ಹಿಡಿಯುವಂತೆಯೇ ನನ್ನ ತಲೆಯನ್ನು ಎರಡು ಕಡೆಯಿಂದ ಹಿಡಿದಳು. ಮೆತ್ತಗೆ, ಒಂದೇ ಒಂದು ಸಲ ಅಲ್ಲಾಡಿಸಿದಳು.

"ಇದು ಎದ್ದೈತೆ" ಎಂದಳು.

ಹೊರಡುವ ದಿನ ಎಲ್ಲರಿಗೂ ದಪ್ಪ ಗಾಜಿನ ಕನ್ನಡಕ ಸಿಕ್ಕಿತು, ಕಾಯಿಯೂ ಸಿಕ್ಕಿತು. ಅಜ್ಜಿ ಮತ್ತು ಕಂಬಳಿ ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು. "ದಪ್ಪಗಿರ್ತೀಯ ಅಂದ್ಕಂಡಿದ್ದೆ ಕಣೇ, ಆ ಗಂಟ್ಲಿಗೆ" ಎಂದಳು ಅಜ್ಜಿ. "ನೀನು ಇಷ್ಟ್ ಗಿಡ್ಡ ಅಂತ ನಂಗೂ ಗೊತ್ತಿರ್ಲಿಲ್ಲ ಬುಡು" ಎಂದಳು ಅವಳು. ಇಬ್ಬರೂ ಕಣ್ಣು ಒರೆಸಿಕೊಂಡರು. ಅಂಗಳದಲ್ಲಿ ಕ್ಲಬ್ಬಿನವರು ಚಪ್ಪರ ಬಿಚ್ಚುತ್ತಿದ್ದರು. ಬಟ್ಟೆ ಅಂಗಡಿಯವರು ಗರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ಹೇಗೆ ಹೆಣೆದಿದ್ದಾರೆ ಎಂದು ನೋಡುತ್ತ ಕೂತಿದ್ದರು.

ಮನೆಗೆ ಬಂದ ಮೇಲೆ ಅಪ್ಪ ಏಣಿಯ ಮುಂದೆ ನಿಂತರು. ಡಾಕ್ಟರು ಏಣಿ ಹತ್ತಕೂಡದು ಎಂದಿದ್ದರು. ಅಜ್ಜಿ ಹೆದರಿದ್ದು ಇದಕ್ಕೇ ಅಲ್ಲವೇ? ಆದರೆ ಅವಳು ಏಣಿಯ ಕೆಳಗೆ ಒಂದು ಮಣೆ ಹಾಕಿಸಿಕೊಂಡು ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಹತ್ತೇ ಮೇಲೆ" ಎಂದಳು ನನಗೆ. "ಒಂದೊಂದೇ ಅಲ್ಲಾಡ್ಸು. ನಾನಿಲ್ಲಿಂದ ಕೇಳ್ತೀನಿ." ನಾನು ಅಟ್ಟದ ಬಾಯಿಯಲ್ಲಿ ಕೂತು ಕಾಯಿ ಅಲ್ಲಾಡಿಸಿದೆ. ಅಜ್ಜಿ ಕೆಳಗಿನಿಂದ ಹೇಳುತ್ತ ಹೋದಳು. ಕೆಲವು ದಿನ ಕಳೆದ ಮೇಲೆ ಅವಳು ಹೇಳುವುದನ್ನು ನಿಲ್ಲಿಸಿ, "ನೀನೇ ಹೇಳು" ಎನ್ನತೊಡಗಿದಳು. ನಾನು ತಪ್ಪು ಹೇಳಿದಾಗ ಮಾತ್ರ ಕೆಳಗಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು.

ಆ ಮನೆ ಈಗಿಲ್ಲ. ನೀವು ರಜೆಗೆ ಬರುವ ಈ ಮನೆಗೆ ತಾರಸಿ ಇದೆ, ಅಟ್ಟವಿಲ್ಲ. ಕಾಯಿಗಳು ತೋಟದ ಶೆಡ್ಡಿನಲ್ಲಿ ಒಣಗುತ್ತವೆ. ಆ ಕ್ಲಬ್ಬು ಮಾತ್ರ ಇನ್ನೂ ಇದೆ. ಆಗ ಹೆಂಗಸರಿಗೆ ಅಲ್ಲಿದ್ದ ಕೆಲಸ ಉಪ್ಪಿಟ್ಟು ಕೆದಕುವುದೊಂದೇ. ಈಗ ನಿಮ್ಮ ಅಮ್ಮನೇ ಅದರ ಕಾರ್ಯದರ್ಶಿ. ಅವಳು ಭಾನುವಾರ ಬೆಳಗ್ಗೆ ಸ್ಕೂಟರ್ ಹತ್ತಿ ರಕ್ತದಾನಕ್ಕೋ ಗಿಡ ನೆಡುವುದಕ್ಕೋ ಹೊರಟಾಗ, ಅಮ್ಮ ಮನೆಯಲ್ಲೇ ಇರುವುದಿಲ್ಲ ಎಂದು ನೀವು ಮುಖ ಊದಿಸುತ್ತೀರಿ. ಈಗ ಪೊರೆ ಬಂದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತಾರೆ, ಹುಲ್ಲು ಹಾಸುವುದಿಲ್ಲ. ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಕಾಯಿ ಕೊಡುವುದು ಕೊನೆಯಲ್ಲಿ, ಅದೂ ಡಾಕ್ಟರನ್ನು ಕೇಳಿ, ಕಾಯಿಯನ್ನು ಚೆನ್ನಾಗಿ ಒರೆಸಿ. ಅದು ಯಾಕೆ ಹಾಗೆ ಎಂದು ಈಗಿನ ಸದಸ್ಯರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಹೋದ ತಿಂಗಳು ನನ್ನ ಕಣ್ಣಿನ ಪೊರೆ ತೆಗೆದಾಗ ನೀವೂ ಬಂದಿದ್ದಿರಿ. ಬೆಳಗ್ಗೆ ಹೋದೆವು, ಮಧ್ಯಾಹ್ನ ಮನೆಯಲ್ಲಿ ಊಟ ಮಾಡಿದೆವು. ಕಣ್ಣಿಗೆ ಬಟ್ಟೆಯಿಲ್ಲ, ಕಪ್ಪು ಕನ್ನಡಕ ಅಷ್ಟೇ. ಅದನ್ನು ಹಾಕಿಕೊಂಡ ನನ್ನ ಫೋಟೋ ತೆಗೆದು ನೀವು ಎಲ್ಲರಿಗೂ ಕಳಿಸಿ ನಕ್ಕಿರಿ. ನಾನು ಕೋಪ ಮಾಡಿಕೊಳ್ಳಲಿಲ್ಲ. ಯಾರ ಜೊತೆಯೂ ಮಾತು ಬಿಡಬೇಕಾಗಿ ಬರಲಿಲ್ಲವಲ್ಲ, ನನಗೆ ಕಾಣುತ್ತಿಲ್ಲ ಎಂದು ನಾನೇ ಮೊದಲು ಹೇಳಿದ್ದೆ.

ಅಂದು ಸಂಜೆ ಅಡುಗೆಗೆಂದು ಕಾಯಿ ತೆಗೆದುಕೊಂಡೆ. ಕೈ ತಾನಾಗಿಯೇ ಮೇಲೆ ಹೋಯಿತು. ನಿಮ್ಮಲ್ಲಿ ಚಿಕ್ಕವಳು, ಈ ಕತೆಯನ್ನು ಆಗಲೇ ಒಮ್ಮೆ ಕೇಳಿದ್ದವಳು, ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. "ಅಜ್ಜೀ! ಡಾಕ್ಟರ್ ಬೈತಾರೆ!" ನನ್ನ ಕೈಯಿಂದ ಕಾಯಿ ಕಿತ್ತುಕೊಂಡು, ಕತ್ತನ್ನು ಸ್ವಲ್ಪ ವಾಲಿಸಿ, ತನ್ನ ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದಳು.

ಅವಳ ಮುಂದಿನ ಒಂದು ಹಲ್ಲು ಬಿದ್ದಿತ್ತು. ಅದನ್ನು ಅವಳು ಬಿದ್ದ ದಿನವೇ ನನ್ನ ಅಂಗೈಗೆ ಇಟ್ಟಿದ್ದಳು.

"ಮಾತಾಡ್ತೈತೆ" ಎಂದಳು.